ಎವೆಯಿಕ್ಕಿದ ಹೊತ್ತು

ಹತ್ತು ನಿಮಿಷಕ್ಕೊಂದು. ಹಗಲೂ ರಾತ್ರಿ.
ಅಂಚೆ ಕಚೇರಿಯ ತಗಡಿನ ಮೇಲೆ ಕ್ಯಾಮೆರಾ,
ಅದಕ್ಕೊಂದು ಬಿಸ್ಕತ್ತಿನ ಡಬ್ಬಿಯ ಮನೆ,
ಕೊರಳಿಗೆ ಗಾರ್ಮಾ ಮಾವನ ಹರಿದ ಕೈಗವಸು.
ಹತ್ತೊಂಬತ್ತು ದಿನ ಅದು ಬೈಕಲ್ ಕಡೆ ನೋಡುತ್ತ ಕೂತಿತು.
ಕೆಳಗೆ ನಾನು ಪಿಂಚಣಿ ಹಂಚಿದೆ, ಮುದ್ರೆ ಒತ್ತಿದೆ.

ಎರಡು ಸಾವಿರದ ಏಳುನೂರು, ಮೇಲೆ ಚಿಲ್ಲರೆ.
ಒಂದೊಂದು ಚಿತ್ರವೂ ಹಲಗೆಯ ಮೇಲಿನ ಮೀನು:
ಕಣ್ಣು ತೆರೆದಿದೆ, ಉಸಿರಿಲ್ಲ.
ಸಾಲಾಗಿ ಓಡಿಸಿದರೆ ಉಸಿರು ಬಂದೀತು ಎಂದು ಓಡಿಸಿದೆ.
ಬಂದದ್ದು ಸರೋವರವಲ್ಲ, ಚಳಿಜ್ವರ.

ಸರ್ಮಾ ಎಂಬ ಗಾಳಿ ನಮ್ಮಲ್ಲಿ,
ಯಾರ ಮಾತನ್ನೂ ಪೂರ್ತಿಯಾಗಲು ಬಿಡದು.
ಡಬ್ಬಿಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು,
ಆಚೆ ದಡದ ಬೆಟ್ಟ ಒಂದು ಮನೆಯಷ್ಟು ಜಿಗಿಯುತ್ತದೆ.
ಹಾಗಾಗಿ ಹರಕೆಯ ಕಂಬ ಹುಡುಕಿದೆ,
ನೀಲಿ ಬಟ್ಟೆ ಸುತ್ತಿದ್ದು, ಮೂಲೆಯಲ್ಲಿ.
ಪ್ರತಿ ಚಿತ್ರದಲ್ಲೂ ಅದರ ನೆತ್ತಿಗೆ ಚುಕ್ಕಿಯಿಟ್ಟು
ಎಲ್ಲ ಚುಕ್ಕಿಗಳನ್ನೂ ಒಂದರ ಮೇಲೊಂದು ಕೂರಿಸಿದೆ.
ಹದಿನಾರು ಸಂಜೆ ಹಿಡಿಯಿತು.
ಈಗ ಕಂಬ ಅಲ್ಲಾಡುವುದಿಲ್ಲ.
ಅಲ್ಲಾಡುವುದು ಚಿತ್ರದ ಅಂಚು;
ಅಂಚು ಕತ್ತರಿಸಿದೆ.

ಆಮೇಲೆ ಬೆಳಕಿನ ರಗಳೆ.
ಮೋಡ ಬಂದರೆ ಕಪ್ಪು, ಸರಿದರೆ ಬಿಳಿ,
ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಆಕಾಶ.
ಹಿಂದಿನ ಚಿತ್ರದಿಂದ ಒಂದಿಷ್ಟು ಬೆಳಕು ಕಡ ತಂದು
ಮುಂದಿನದಕ್ಕೆ ತೀರಿಸುತ್ತ ಹೋದೆ.
ಕಾಗೆ ತೆಗೆದೆ. ನಾಯಿ ತೆಗೆದೆ.
ಬಕೆಟ್ ಹಿಡಿದು ನಿಂತ ಸೆಸೆಗ್ಮಾಳನ್ನೂ ತೆಗೆದೆ
(ಅವಳಿಗೆ ಹೇಳಿಲ್ಲ).
ಒಂದೇ ಚಿತ್ರದಲ್ಲಿ ಇದ್ದವರು
ಓಡುವಾಗ ಇದ್ದವರಲ್ಲ, ಕಣ್ಣಿಗೆ ಬಿದ್ದ ಕಸ.

ಉಳಿದದ್ದು ಒಂದು ತೂತು.
ಬ್ಯಾಟರಿ ಸತ್ತ ರಾತ್ರಿ, ಒಂದು ಐವತ್ತರಿಂದ ಐದರವರೆಗೆ
ಇಪ್ಪತ್ತು ಚಿತ್ರಗಳಿಲ್ಲ.
ಅದರ ಹಿಂದಿನದರಲ್ಲಿ ಹೆಪ್ಪು ದಡಕ್ಕೆ ಅಂಟಿದೆ,
ಮುಂದಿನದರಲ್ಲಿ ಬರೀ ನೀರು, ನಸುಕು.
ಕಂಪ್ಯೂಟರಿಗೆ ಹೇಳಿದೆ: ನಡುವಿನದು ನೀನೇ ಊಹಿಸು.
ಊಹಿಸಿತು. ಎಷ್ಟು ನುಣುಪು!
ಅರ್ಧ ಗಡ್ಡೆ, ಅರ್ಧ ನೀರು, ಕಾಲು ಗಡ್ಡೆ, ಮುಕ್ಕಾಲು ನೀರು,
ತೊಟ್ಟಿಲ ಬಳಿಯಿಂದ ತಾಯಿ ಏಳುವ ಹಾಗೆ
ಸದ್ದಿಲ್ಲದೆ ದಡ ಬಿಟ್ಟು ಹೊರಟಿತು ಹೆಪ್ಪು.

ಮಾವನನ್ನು ಕೂರಿಸಿ ತೋರಿಸಿದೆ.
ಉಪ್ಪು ಹಾಕಿದ ಹಾಲಿನ ಚಹಾ ಅವನ ಕೈಯಲ್ಲಿ.
ಎರಡು ನಿಮಿಷವೂ ಇಲ್ಲ, ಮುಗಿಯಿತು.
‘ಇನ್ನೊಂದು ಸಲ ಹಾಕು’ ಅಂದ. ಹಾಕಿದೆ.
‘ಸುಳ್ಳು’ ಅಂದ,
ಸಕ್ಕರೆ ಕೇಳುವ ದನಿಯಲ್ಲಿ.

‘ಆ ರಾತ್ರಿ ಎದ್ದಿದ್ದೆ. ಬಲೆ ಸಿಕ್ಕಿಕೊಂಡಿತ್ತು ಒಳಗೆ.
ಮೊದಲು ಹೋಯಿತು, ಆ ಕೋಡುಗಲ್ಲಿನ ತನಕ.
ನಿಂತಿತು. ತಿರುಗಿ ಬಂತು.
ದಡಕ್ಕೆ ಹಾಯ್ದು ದೋಣಿಮನೆಯ ಮೆಟ್ಟಿಲು ಮುರಿಯಿತು.
ಗಾಜಿನ ಅಂಗಡಿಯೊಳಗೆ ಎತ್ತು ಹೊಕ್ಕಂಥ ಸದ್ದು.
ಆಮೇಲೆ ಹೋದದ್ದು.’

‘ಏನೋ ಮರೆತು ಹೋಗಿ ನೆನಪಾದವರ ಹಾಗೆ?’ ಎಂದೆ.
‘ಗಡ್ಡೆಗೆ ಎಲ್ಲಿಯ ಮರೆವು,’ ಅಂದ ಮಾವ,
‘ಗಾಳಿ ತಿರುಗಿತು, ಅಷ್ಟೆ.’

ರಾತ್ರಿ ಕೂತು ಇಪ್ಪತ್ತನ್ನೂ ಕಿತ್ತೆ.
ನಿಜ ಹೇಳಬೇಕೆಂದರೆ ಕೈ ಬರಲಿಲ್ಲ,
ಅಷ್ಟು ಚೆನ್ನಾಗಿ ಹೊರಟಿತ್ತು ಅದು.
ಬರುವುದು ಹೋಗುವುದು, ಎರಡು ತುದಿ ಕೊಟ್ಟರೆ
ಯಂತ್ರ ನಡುವೆ ನೇರ ಗೆರೆ ಎಳೆಯುತ್ತದೆ.
ತಪ್ಪು ಅದರದಲ್ಲ. ನಾನೂ ಹಾಗೆಯೇ ಎಳೆದಿದ್ದೇನೆ,
ಬೇರೆಯವರ ರಾತ್ರಿಗಳ ಮೇಲೆ.
ಕಿತ್ತ ಜಾಗದಲ್ಲಿ ಬರೀ ಕಪ್ಪು ಇಟ್ಟೆ.
ಸೆಕೆಂಡಿಗೆ ಇಪ್ಪತ್ತನಾಲ್ಕರ ಲೆಕ್ಕದಲ್ಲಿ
ಒಂದು ಸೆಕೆಂಡಿಗೂ ನಾಲ್ಕು ಕಡಿಮೆ.

ಬೆಳಿಗ್ಗೆ ಮತ್ತೆ ತೋರಿಸಿದೆ.
ಹೆಪ್ಪು ಇತ್ತು. ಕಪ್ಪು. ನೀರು.
ಅಷ್ಟರಲ್ಲಿ ಲೋಟ ಮಾವನ ತುಟಿಯವರೆಗೆ ಹೋಗಿ
ಅಲ್ಲೇ ನಿಂತಿತ್ತು.
ಸರಿಯಾಯಿತು ಅನ್ನಲಿಲ್ಲ.
‘ಮೆಟ್ಟಿಲಿಗೆ ಮೂರು ಹಲಗೆ ಬೇಕು,’ ಅಂದ,
‘ಲಾರ್ಚ್ ಮರದ್ದು. ಪೈನ್ ಬೇಡ.’