ವಿಟ್ಬಿಯ ಹೊಗೆಮನೆಯಲ್ಲಿ

ಶಾರ್ಪ್‌ನೆಸ್ಸನ್ನು ಕೊನೆಯ ಗೆರೆಗೆ ಇಳಿಸಿದೆ.
ಹೆರಿಂಗ್ ಮೀನಿನ ಒಂದೊಂದು ಹುರುಪೆಯನ್ನೂ
ಎಣಿಸಿ ಒಪ್ಪಿಸುತ್ತಿತ್ತು ಯಂತ್ರ,
ಹೊಸದಾಗಿ ಮಗ್ಗಿ ಕಲಿತ ಹುಡುಗನ ಹಾಗೆ.
ಕಾಂಟ್ರಾಸ್ಟೂ ಎರಡು ಮನೆ ಹಿಂದಕ್ಕೆ.
ಈಗ ಕಪ್ಪಿಗೆ ತುಸು ಉಸಿರು ಬಂತು:
ಮಸಿ ಹಿಡಿದ ತೊಲೆ, ಅದರಾಚೆ
ಇಷ್ಟು ಹೊತ್ತು ಇಲ್ಲದ ಇನ್ನೊಂದು ತೊಲೆ.

ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ
ಹೊಗೆಯನ್ನೂ ಒಗೆದು ಬಿಳಿ ಮಾಡುತ್ತದೆ ಕ್ಯಾಮೆರಾ.
ಬೇಡ.
ಐದು ಸಾವಿರದ ಆರುನೂರಕ್ಕೆ ಕಟ್ಟಿಹಾಕಿದೆ.
ಬಾಗಿಲ ಬೆಳಕು ಬೂದಿ,
ಓಕ್ ಹೊಟ್ಟಿನ ಕೆಂಡ ಕೆಂಡವೇ.

ಬೆರಿಲ್ ಮೀನು ಸೀಳುತ್ತಾಳೆ.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ,
ಷಟರ್ ಐವತ್ತರಲ್ಲೊಂದು ಪಾಲು;
ಚೂರಿ ಕಾಣದು, ಚೂರಿ ಹೋದ ದಾರಿ ಮಾತ್ರ.
ನಮ್ಮ ಕಣ್ಣೂ ಅಷ್ಟೇ ತಾನೆ ಹಿಡಿಯುವುದು.

ಪುಟ್ಟ ಪರದೆಗೆ ಇಣುಕಿ ಕೇಳಿದಳು:
"ಇದೇನು ಮಬ್ಬು, ಗಾಜು ಒರೆಸಿಲ್ಲವೇ ನೀನು?"
ಏಪ್ರನ್ನಿನ ಒಣ ಮೂಲೆ ಹುಡುಕಿ
ಲೆನ್ಸಿನತ್ತ ಕೈ ಚಾಚಿದಳು.
ತಡೆಯಬಹುದಿತ್ತು. ತಡೆಯಲಿಲ್ಲ.

ಆಮೇಲಿನ ಹನ್ನೊಂದು ನಿಮಿಷ
ನೇತಾಡುವ ಬಲ್ಬಿನ ಸುತ್ತ
ಮೀನೆಣ್ಣೆಯ ತೆಳು ಪ್ರಭೆ.
ಮೆನುವಿನಲ್ಲಿ ಅದಕ್ಕೆ ಹೆಸರಿಲ್ಲ.