ಸುಲಿಯುವ ಕಸುಬು

ವಾಲ್ಪರೈಸೊದ ಟ್ರಾಲಿಬಸ್ಸಿನ ತಂತಿಗೆ
ಮೂವತ್ತೊಂದು ವರ್ಷ ಏಣಿ ಹಾಕಿದವನು ಬಾವುದಿಲಿಯೊ.
ಕಡಲ ಗಾಳಿ ಕುಡಿದು ಕುಡಿದು ಎಡಗಿವಿ ಮಂದ.

ಭಾನುವಾರ ಮಗಳು ಓರಿಯಾನಾ ಕರೆದೊಯ್ದಳು
ಗುಡ್ಡದ ಮೇಲಿನ ತನ್ನ ಲ್ಯಾಬಿಗೆ.
ಕತ್ತಲೆ ಕೋಣೆ. ಮೀನಿಗೆ ಬೇಕಾದಷ್ಟೇ ಸೆಕೆ.
ಅಪ್ಪ ಸ್ವೆಟರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ನಾಲ್ಕು ದಿನದ ಮೀನುಮರಿ. ಗಾಜಿನಂಥ ಮೈ.
ಹಸಿರು ಕಾಣುತ್ತಲ್ಲ, ಅದು ಮೈಲಿನ್,
ನರದ ಮೇಲಿನ ಕೊಬ್ಬಿನ ಹೊದಿಕೆ,
ಸುದ್ದಿ ಬೇಗ ಓಡಲಿ ಅಂತ."
"ನಮ್ಮ ತಂತಿಗೆ ಅಂಗಿಯೇ ಇರಲಿಲ್ಲ," ಅಂದ ಅಪ್ಪ,
"ಬತ್ತಲೆ. ಆದರೂ ಬಸ್ಸು ಓಡಿತು."

ಪರದೆಯ ಅಂಚಿಂದ ಕೆಂಪಗೊಂದು ಬಂತು.
ಕೈಯೋ ಕಾಲೋ, ಎಷ್ಟೋ; ನೀಡಿತು, ಮಡಚಿತು,
ಜವಳಿ ಅಂಗಡಿಯಲ್ಲಿ ಅಂಚು ಹಿಸುಕಿ ನೋಡುವವರಂತೆ
ಹಸಿರನ್ನು ಮುಟ್ಟಿ ಮುಟ್ಟಿ ನೋಡಿತು,
ಆಮೇಲೆ ಒಂದು ತುಣುಕು ಹರಿದು ನುಂಗಿತು.

"ಯಾರೇ ಈ ಕಳ್ಳ?"
"ಮೈಕ್ರೊಗ್ಲಿಯಾ. ಮಿದುಳಿನ ಕಾವಲು.
ಅಲ್ಲಿ ಹುಟ್ಟಿದ್ದಲ್ಲ, ಮೊಟ್ಟೆಯ ಹಳದಿಯಿಂದ ಹೊರಟು
ಅಷ್ಟು ದೂರ ನಡೆದು ಬಂದು ನೆಲೆ ನಿಂತದ್ದು."
"ನನ್ನಜ್ಜನೂ ಹಾಗೇ. ಹಡಗಿಳಿದವನಿಗೆ
ಮೊದಲು ಸಿಕ್ಕಿದ್ದು ಬಂದರು ಗುಡಿಸುವ ಕೆಲಸ."

ಎಲ್ಲವನ್ನೂ ಹೇಳಲಿಲ್ಲ ಓರಿಯಾನಾ.
ಹೋದ ಚಳಿಗಾಲ ಮರಿಗಳಿಂದ ಈ ಕೆಂಪನ್ನು ಅಳಿಸಿ
ಕಾದಿದ್ದಳು, ಹೊದಿಕೆಯಾದರೂ ಉಳಿಯಲಿ ಎಂದು.
ಉಳಿಯಿತು. ಉಳಿದುಳಿದು ಹೆಚ್ಚಿತು.
ನರದ ಎಳೆ ಬಿಟ್ಟು ಕೋಶದ ಮೋರೆಗೇ ಸುತ್ತಿಕೊಂಡಿತು,
ಚಳಿಗೆಂದು ಹೊದಿಸಿದ ಕಂಬಳಿ
ಮಗುವಿನ ಮೂಗಿನ ಮೇಲೆ ಜಾರಿದ ಹಾಗೆ.
ಇಲಿಯ ಮಿದುಳು ನೋಡಿದವರು ಬೇರೆಯೇ ಹೇಳುತ್ತಾರೆ:
ಮೈಲಿನ್ ನೇಯುವವರಿಗೆ ತುತ್ತು ಕೊಡುವುದೂ ಇದೇ ಕೋಶವಂತೆ.
ಉಣಿಸುವ ಕೈ, ಕೀಳುವ ಕೈ. ಯಾವುದು ಯಾವಾಗ?
ಅಲ್ಲಿಗೆ ಅವಳ ಪುಟ ನಿಂತಿದೆ.

ಹೇಳಿದ್ದು ಇಷ್ಟೇ:
"ಮಾತಾಡುತ್ತಿರುವ ನರದ ತಂಟೆಗೆ ಅದು ಅಷ್ಟಾಗಿ ಹೋಗಲ್ಲ ಅಪ್ಪಾ.
ಸುಮ್ಮನಿದ್ದದ್ದರ ಹೊದಿಕೆ ಕೀಳುವುದೇ ಹೆಚ್ಚು."

ಅಪ್ಪ ಸುಮ್ಮನಿದ್ದ.
ಕೇಳಿಸಿತೋ, ಎಡಗಿವಿಗೆ ಬಿತ್ತೋ,
ಸ್ವೆಟರಿನ ಬಿಟ್ಟ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದ.
ಬಹಳ ಹೊತ್ತಿನ ಮೇಲೆ:

"ಕೇಬಲ್ಲಿಗೆ ರಬ್ಬರು ಸುತ್ತುವುದು ಯಾರಾದರೂ ಕಲಿತಾರು.
ಒಳಗಿನ ಎಳೆಗೆ ಗೀರು ಬೀಳದ ಹಾಗೆ ಸುಲಿಯುವುದಕ್ಕೆ
ನನಗೆ ಒಂಬತ್ತು ವರ್ಷ ಹಿಡಿಯಿತು.
ಇವನಿಗೆ ಯಾರು ಕಲಿಸಿದರೇ?"

ಕೆಂಪು ಆಗಲೇ ಇನ್ನೊಂದು ಹಸಿರಿನ ಪಕ್ಕ
ಕೈ ಚಾಚಿ ನಿಂತಿತ್ತು, ಮುಟ್ಟದೆ.
ಅಪ್ಪ ಬಾಗಿ, ಒಳ್ಳೆಯ ಕಿವಿಯನ್ನು
ಪರದೆಗೆ ಹಿಡಿದ.