ವಿಷಯ ಹನ್ನೊಂದು

ನಾನು ಬರೆಯುವವನು. ಮಾತಾಡುವವನಲ್ಲ.
ಸೋಮವಾರಪೇಟೆ ಪಟ್ಟಣ ಪಂಚಾಯಿತಿಯ ನಡವಳಿ ಪುಸ್ತಕದಲ್ಲಿ
ಹತ್ತೊಂಬತ್ತು ವರ್ಷದಿಂದ ಕೈಗೆ ರೂಢಿಯಾದದ್ದು ಒಂದೇ ಸಾಲು:
'ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.'
ಸಭೆಗೆ ಮೊದಲೇ ಬರೆದಿಟ್ಟುಕೊಂಡದ್ದೂ ಉಂಟು.
ಮಂಜು ಕವಿದ ದಿನ ಬೆಳಕು ಬೇಗ ಹೋಗುತ್ತದೆ ನೋಡಿ.

ಹನ್ನೊಂದು ಕುರ್ಚಿ. ಎಂಟು ಆ ಕಡೆ,
ಮುರಿದ ಕಿಟಕಿಯ ಪಕ್ಕ, ಚಳಿ ಬೀಸುವಲ್ಲಿ, ಮೂರು.
ಅದರಲ್ಲೊಂದು ಟೈಲರ್ ದಾಕ್ಷಾಯಿಣಿಯವರದು.
ಗೆದ್ದದ್ದು ಒಂಬತ್ತು ಮತದಿಂದ.
ಆ ಒಂಬತ್ತು ಮಂದಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ ಎಂಬಂತೆ
ಪ್ರತಿ ಸಭೆಗೂ ಹತ್ತು ನಿಮಿಷ ಮೊದಲೇ ಬರುತ್ತಾರೆ,
ಸೆರಗಿಗಂಟಿದ ನೂಲಿನ ಎಳೆಗಳ ಸಮೇತ.

ವಿಷಯ ಹನ್ನೊಂದು: ಸಂತೆಮಾಳದ ಹಿಂದಿನ ಚರಂಡಿ, ಬಾಕಿ ಬಿಲ್ಲು.
ಅಳತೆ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಮೀಟರು.

ಉತ್ತಯ್ಯ ಎದ್ದರು. ಮೇಜು ಗುದ್ದಿದರು. ಧಿಕ್ಕಾರ ಎಂದರು.
ಮೊಯ್ದು ಕಾಗದ ಹರಿದರು;
ಕಾರ್ಯಸೂಚಿಯಲ್ಲ, ಯಾರದೋ ಮದುವೆಯ ಕರೆಯೋಲೆ.
ಸಭಾತ್ಯಾಗ ಮಾಡಿ, ಮೆಟ್ಟಿಲ ಮೇಲೆ ಫೋಟೋ ಹೊಡೆಸಿಕೊಂಡು
ಇಬ್ಬರೂ ಕ್ಯಾಂಟೀನಿಗೆ. ಬೋಂಡ ಆಗಷ್ಟೇ ಇಳಿದಿತ್ತು.
ಬಾರಮ್ಮ ಎಂದು ಕಣ್ಣಲ್ಲೇ ಕರೆದರು.
ಈಕೆ ಕೂತೇ ಇದ್ದರು.
ಹೊರಗೆ ಹೋದವರ ಬಗ್ಗೆ ಪತ್ರಿಕೆ ಬರೆಯುತ್ತದೆ;
ಹನ್ನೊಂದನೇ ವಿಷಯ ಮಾತ್ರ ಒಳಗೇ ಇರುತ್ತದೆ.

ಚೀಲದಿಂದ ತೆಗೆದದ್ದು ಕಡತವಲ್ಲ, ಇಂಚು ಟೇಪು.
ತುದಿಯ ತಗಡು ಸವೆದದ್ದು,
ಪೇಟೆಯ ಅರ್ಧ ಹೆಂಗಸರ ಭುಜ ಬಲ್ಲದ್ದು.
'ಭಾನುವಾರ ಅಳೆದೆ. ತೊಂಬತ್ತೇಳು ಟೇಪು.
ನೂರ ನಲವತ್ತೆಂಟು ಮೀಟರಿನ ಆಚೆ ಸಿಮೆಂಟಿಲ್ಲ, ಕೆಸುವಿನೆಲೆ.
ಅರವತ್ನಾಲ್ಕು ಮೀಟರು ಎಲ್ಲಿ, ಅಧ್ಯಕ್ಷರೇ?'

ಇಂಜಿನಿಯರು ನಕ್ಕರು. ಬ್ಲೌಸಿನ ಟೇಪಿನಲ್ಲಿ ಚರಂಡಿಯೇ?
'ಬ್ಲೌಸು ಅರ್ಧ ಇಂಚು ತಪ್ಪಿದರೆ
ಅಂಗಡಿಗೇ ಬಂದು ಮುಖಕ್ಕೆ ಎಸೆಯುತ್ತಾರೆ ಸಾರ್.
ನಿಮಗೆ ಯಾರು ಎಸೆಯುತ್ತಾರೆ?'

ಆಗ ಅಧ್ಯಕ್ಷ ಚೆಂಗಪ್ಪ ಹಳೆಯದೊಂದು ಕಡತ ಬಿಚ್ಚಿದರು,
ಅವಸರವಿಲ್ಲದೆ, ಕಿತ್ತಳೆ ಸುಲಿಯುವ ಹಾಗೆ.
'ನಿಮ್ಮವರ ಕಾಲದ್ದು ತಾಯಿ. ಬಸ್ ನಿಲ್ದಾಣದ ತಡೆಗೋಡೆ.
ಹದಿನೆಂಟು ಮೀಟರು ಕಾಣೆ. ಸಹಿ ಉತ್ತಯ್ಯನದು.'
ಎಂಟು ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು.
ಇಂಥ ಹೊತ್ತಲ್ಲಿ ಕಿಟಕಿಯ ಪಕ್ಕದವರು ಸುಮ್ಮನಾಗುವುದು ಪದ್ಧತಿ.
ನಾನು ಪೆನ್ನು ಎತ್ತಿದೆ, ರೂಢಿಯ ಸಾಲಿಗೆ.

ಆಕೆ ಒಮ್ಮೆ ಕ್ಯಾಂಟೀನಿನ ಕಡೆ ನೋಡಿದರು.
ಆಮೇಲೆ ನನ್ನ ಕಡೆ.
'ಅದನ್ನೂ ಬರೆಯಿರಿ ಬೆಳ್ಯಪ್ಪನವರೇ.
ಹದಿನೆಂಟನ್ನೂ ಬರೆಯಿರಿ, ಅರವತ್ನಾಲ್ಕನ್ನೂ ಬರೆಯಿರಿ.
ಒಂದರಲ್ಲಿ ಒಂದನ್ನು ಕಳೆಯಬೇಡಿ.'

ಕೈ ಎತ್ತಿದರು. ಪರ ಎಂಟು. ವಿರುದ್ಧ ಒಂದು.
ಬಿಲ್ಲು ಪಾಸಾಯಿತು. ಕಂಟ್ರಾಕ್ಟರು ಲಡ್ಡು ಹಂಚಿದ,
ನಾನೂ ತಿಂದೆ, ಸುಳ್ಳು ಯಾಕೆ.
'ಸರ್ವಾನುಮತ' ಮಾತ್ರ ಆ ಪುಟದಲ್ಲಿ ಕೂರಲಿಲ್ಲ.
ಪುಟಗಳಿಗೆ ಅಂಕಿ ಹಾಕಿದೆ, ಹರಿಯುವಂತಿಲ್ಲ.

ಮುಂದಿನ ತಿಂಗಳು. ವಿಷಯ ಒಂದು:
ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು.
ಯಾರೂ ಕೇಳದ ಪಾಠ ಅದು, ಕಾಫಿ ಬರುವ ಹೊತ್ತು.
ಓದುತ್ತಾ ಹೋದೆ. ಹತ್ತು ಮುಗಿಯಿತು.
ಹೆಂಡತಿಯ ಹೊಸ ಬ್ಲೌಸಿನ ಜೊತೆ
ಆ ಅಂಗಡಿಯಿಂದ ಬಂದ ಪೊಟ್ಟಣ ನೆನಪಾಯಿತು:
ಉಳಿದ ಬಟ್ಟೆ, ಅಂಗೈ ಅಗಲ, ಮಡಚಿ ಪಿನ್ನು ಹಾಕಿದ್ದು.
ಅದನ್ನು ಯಾರು ಕೇಳಿದ್ದರು?
ಕಪ್ಪು ಬಸಿಗಳ ಸದ್ದು ನಿಲ್ಲಲೆಂದು ಕಾದೆ.
ಗಂಟಲು ಸರಿಮಾಡಿಕೊಂಡು
ನನಗೇ ಗುರುತು ಸಿಗದ ದನಿಯಲ್ಲಿ
'ವಿಷಯ ಹನ್ನೊಂದು' ಎಂದೆ.